ಶುದ್ಧವಾದ ಪಾತ್ರೆ

ನಮ್ಮ ಮನೆಗೆ ಸಮುದ್ರದ ನೀರು ಬಂದದ್ದು ಜಟಕಾ ಗಾಡಿಯಲ್ಲಿ. ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ, ಜಿನುಗು ಮಳೆ. ಸಿಟಿ ಸ್ಟೇಷನ್ನಿನಿಂದ ಜಯನಗರದವರೆಗೆ ನಾನು ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಬಿದಿರು ಬುಟ್ಟಿಗಳಲ್ಲಿ ಇಳಿಸಿದ್ದ ಎರಡು ದೊಡ್ಡ ಗಾಜಿನ ಜಾರುಗಳನ್ನು ತಬ್ಬಿಕೊಂಡಿದ್ದೆ. ನನ್ನ ಹೆಂಡತಿ ಒಳಗೆ ಕೂತಿದ್ದಳು. ಅವಳ ಕಾಲ ಬಳಿ ಒದ್ದೆ ಗೋಣಿಚೀಲ. ಚೀಲದಲ್ಲಿ ಜೀವಂತ ಮುತ್ತಿನ ಸಿಂಪಿಗಳು.

ಗಾಡಿಯವನು ಒಂದೆರಡು ಸಲ ತಿರುಗಿ ನೋಡಿದ. "ಏನ್ ಸ್ವಾಮಿ ಅದು, ಆಸಿಡ್ಡಾ?"

"ನೀರು."

"ಬೆಂಗಳೂರಲ್ಲಿ ನೀರಿಲ್ಲ ಅಂತ ರೈಲಲ್ಲಿ ತರಿಸಿದ್ರಾ?"

"ಉಪ್ಪು ನೀರಪ್ಪ."

ಅವನು ಸ್ವಲ್ಪ ದೂರ ಯೋಚಿಸಿಕೊಂಡೇ ಗಾಡಿ ಹೊಡೆದ. ಆಮೇಲೆ, "ಉಪ್ಪು ಅಂಗಡೀಲೇ ಸಿಗತ್ತಲ್ಲ ಸ್ವಾಮಿ," ಅಂದ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಹೆಂಡತಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅಮ್ಮ. ಜಯನಗರದಲ್ಲಿ ಆಗ ಇನ್ನೂ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಸಾಲಿನ ಆಚೆ ಕಲ್ಲು ಚಪ್ಪಡಿಯ ಬೇಲಿ, ಅದರಾಚೆ ರಾಗಿ ಹೊಲ.

ವಿಷಯ ಇಷ್ಟು. ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಮುತ್ತಿನ ಸಿಂಪಿಗಳನ್ನು ಸಾಕುವ ಕೆಲಸ ಆರಂಭವಾಗಿತ್ತು. ಅಲ್ಲಿ ಒಂದು ವರ್ಷ ದುಡಿಯಲು ಹೊರಗಿನವರೊಬ್ಬರಿಗೆ ಅವಕಾಶವಿತ್ತು. ಹೆಸರು ಸೂಚಿಸಬೇಕಾದವರು ವಿಲ್ಸನ್ ಗಾರ್ಡನ್ನಿನಲ್ಲಿದ್ದ ಒಬ್ಬ ಹಿರಿಯ ಪ್ರೊಫೆಸರ್. ನನ್ನ ಹೆಂಡತಿ ಅವರ ಹಳೆಯ ವಿದ್ಯಾರ್ಥಿನಿ. ಅವಳು ಹೋಗಿ ಕೇಳಿದಾಗ ಅವರು ಹೇಳಿದ್ದರು: "ಪುಸ್ತಕದಲ್ಲಿ ಓದಿ ಹೇಳೋರು ಬೇಕಾದಷ್ಟು ಜನ ಇದ್ದಾರಮ್ಮ. ನಿಮ್ಮ ಕೈಯಾರೆ ಮೊಟ್ಟೆ ಫಲ ಕಟ್ಟಿಸಿ, ಈಜಾಡೋ ಮರಿ ತೋರಿಸಿ. ಬರೀತೀನಿ. ಭಾನುವಾರ ಮೂರಕ್ಕೆ ನಾನೇ ಮನೆಗೆ ಬರ್ತೀನಿ. ಸೋಮವಾರ ಕಾಗದ ಹೋಗಿಬಿಡಬೇಕು."

ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾಡುವಂತಿರಲಿಲ್ಲ. ಅಲ್ಲಿನ ಪ್ರತಿ ಗಾಜೂ ಒಂದಲ್ಲ ಒಂದು ಸಲ ಫಾರ್ಮಲಿನ್ ಕಂಡಿತ್ತು. ಸತ್ತ ಪ್ರಾಣಿಗಳು ಕೆಡದಂತೆ ಇಡುವ ಆ ದ್ರವದ ಸೋಂಕು ಸ್ವಲ್ಪ ಉಳಿದಿದ್ದರೂ ಈ ಮೊಟ್ಟೆಗಳು ಉಳಿಯುವುದಿಲ್ಲ. ಹಾಗಾಗಿ ಮನೆಯೇ ಆಗಬೇಕೆಂದು ಅವಳು ತೀರ್ಮಾನಿಸಿದಳು. ಮಡಿ ಮೈಲಿಗೆ ನಡೆಸುವ ಮನೆಗಿಂತ ಚೊಕ್ಕಟವಾದ ಜಾಗ ಬೆಂಗಳೂರಿನಲ್ಲಿ ಇನ್ನೆಲ್ಲಿದೆ ಎಂದು ನಗುತ್ತಲೇ ಹೇಳಿದ್ದಳು.

ಅಮ್ಮ ನಕ್ಕಿರಲಿಲ್ಲ. "ಗಂಡನ್ನ ಬಿಟ್ಟು ಒಂದು ವರ್ಷ ಆ ಮೀನಿನ ವಾಸನೇಲಿ ಇರ್ತಾಳಂತಾ?" ಎಂದು ಅವಳ ಎದುರಿಗೇ ನನ್ನನ್ನು ಕೇಳಿದ್ದರು. ಆದರೂ ಕೊನೆಗೆ ಮುಂದಿನ ಜಗುಲಿಯ ಪಕ್ಕದ ಕೋಣೆಯನ್ನು ಬಿಟ್ಟುಕೊಟ್ಟರು. ಷರತ್ತು ಒಂದೇ: ಚಿಪ್ಪು ಹೊಸಲು ದಾಟಿ ಒಳಗೆ ಬರಕೂಡದು.

ಗುರುವಾರ ಜಾರುಗಳನ್ನು ಇಳಿಸಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಇದು ಯಾವ ಸಮುದ್ರದ್ದು?"

"ರಾಮೇಶ್ವರದ ಕಡೇದು ಅತ್ತೆ," ಅಂದಳು ಹೆಂಡತಿ. "ಚಿಪ್ಪು ಸಿಕ್ಕಿದ ಕಡೆಯ ನೀರೇ ಬೇಕು ಅಂತ ಅಲ್ಲಿನ ಪ್ರಯೋಗಾಲಯದವರೇ ತುಂಬಿಸಿ ಕಳಿಸಿದ್ದಾರೆ."

ಅಮ್ಮ ಹೊಸಲು ದಾಟಿ ಬಂದರು. ಜಾರಿನ ಮೈಮೇಲೆ ಬೆರಳಿಟ್ಟರು. ಸೇತುಸ್ನಾನಕ್ಕೆ ಹೋಗಬೇಕೆಂದು ಅಪ್ಪನ ಕಾಲದಿಂದಲೂ ಹೇಳಿಕೊಂಡು ಬಂದವರು ಅವರು. ಅಪ್ಪ ಹೋದಮೇಲೆ ಹೇಳುವುದನ್ನು ಬಿಟ್ಟಿದ್ದರು. ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದರು. ಗೋಣಿಚೀಲದ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಜಾರಿನ ಬುಡ ಪ್ರಯಾಣದಲ್ಲಿ ಬಿರುಕು ಬಿಟ್ಟಿತ್ತು. ಬಿದಿರು ಬುಟ್ಟಿಯ ಕೆಳಗೆ ನೆಲ ಒದ್ದೆಯಾಗುತ್ತಿತ್ತು. ಹೆಂಡತಿಗೆ ಆ ಬೆಳಿಗ್ಗೆ ತರಗತಿ ತಪ್ಪಿಸುವಂತಿರಲಿಲ್ಲ. ಅವಳು ಚೆನ್ನಾಗಿದ್ದ ಜಾರಿನಿಂದ ಅರ್ಧ ನೀರು ತೆಗೆದು ಎನಾಮಲ್ ಟಬ್ಬಿಗೆ ಹಾಕಿ, ಸಿಂಪಿಗಳನ್ನು ಅದರೊಳಗೆ ಬಿಟ್ಟು, ಸೆರಗು ಕೊಡವಿಕೊಂಡು ಎದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಅತ್ತೆ, ಆ ಸೋರೋ ಜಾರಿನ ನೀರನ್ನ ಯಾವುದಾದ್ರೂ ಶುದ್ಧವಾದ ಪಾತ್ರೆಗೆ ಹಾಕಿಸಿಡ್ತೀರಾ? ಸೋಪು ಮುಟ್ಟಿರಬಾರದು. ಸಂಜೆ ಹೊಸ ಜಾರು ತರ್ತೀನಿ."

"ನೀನು ಹೋಗು. ನಾನು ನೋಡ್ಕೋತೀನಿ," ಅಂದರು ಅಮ್ಮ.

ನಾನೂ ಸೈಕಲ್ ಹತ್ತಿ ಆಫೀಸಿಗೆ ಹೋದೆ. ಸಂಜೆ ಹೆಂಡತಿ ಹೊಸ ಜಾರಿನೊಂದಿಗೆ ಬಂದಾಗ, ನೀರು ದೇವರ ಮನೆಯಲ್ಲಿದೆ, ಮೈಲಿಗೆಯಲ್ಲಿ ಅಲ್ಲಿಗೆ ಕಾಲಿಡಬೇಡ, ಬೆಳಿಗ್ಗೆ ಸ್ನಾನ ಮಾಡಿ ನಾನೇ ಜಾರಿಗೆ ಸುರಿದಿಡುತ್ತೇನೆ ಎಂದರು ಅಮ್ಮ. ಶುಕ್ರವಾರ ನಾವು ಏಳುವ ಹೊತ್ತಿಗೆ ಹೊಸ ಜಾರು ಜಗುಲಿಯ ಕೋಣೆಯಲ್ಲಿ ತುಂಬಿ ನಿಂತಿತ್ತು. ಅದರ ಬಾಯಿಗೆ ಒಗೆದ ಬಿಳಿ ಬಟ್ಟೆ ಕಟ್ಟಿತ್ತು.

ಶುಕ್ರವಾರದ ಕೆಲಸವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಚಾಕುವಿನ ತುದಿಯಿಂದ ಚಿಪ್ಪು ಬಿಡಿಸಿ, ಒಳಗಿನ ಮೆತ್ತನೆಯ ಭಾಗದಿಂದ ಚಿಟಿಕೆಯಷ್ಟು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಗಂಡೋ ಹೆಣ್ಣೋ ಎಂದು ತಿಳಿಯಬೇಕು. ಹೊರಗಿನಿಂದ ಎರಡೂ ಒಂದೇ ತರಹ. ಹೆಣ್ಣಿನ ಮೊಟ್ಟೆಗಳನ್ನು ಸಮುದ್ರದ ನೀರಿಗೆ ಬಿಟ್ಟು, ಅದಕ್ಕೆ ಅಳತೆ ಮಾಡಿ ಅಮೋನಿಯಾ ಸೇರಿಸಬೇಕು.

"ಅದ್ಯಾಕೆ?" ಎಂದೆ.

"ಸಮುದ್ರದಲ್ಲಿ ತಾನಾಗಿ ಬಿಟ್ಟ ಮೊಟ್ಟೆ ಮಾಗಿರತ್ತೆ ರೀ. ನಾವು ಕೊಯ್ದು ತೆಗೆದದ್ದು ಕಾಯಿ. ಅಮೋನಿಯಾ ತಗುಲಿದ್ರೆ ಮಾಗತ್ತೆ. ಇಲ್ನೋಡಿ, ನಡುವೆ ತಿಳಿಯಾಗಿ ಕಣ್ಣಿನ ಹಾಗೆ ಕಾಣಿಸ್ತಿದೆಯಲ್ಲ, ಅದು ಕರಗಿದ್ರೆ ಆಯ್ತು ಅಂತ."

ಬಾಗಿಲಾಚೆ ಬತ್ತಿ ಹೊಸೆಯುತ್ತಿದ್ದ ಅಮ್ಮ ಕೇಳಿಸಿಕೊಂಡಿದ್ದರು. "ಬಾಳೆಗೊನೆಗೆ ಹೊಗೆ ಹಾಕ್ತಾರಲ್ಲ, ಹಾಗೆ," ಎಂದು ತಮಗೆ ತಾವೇ ಹೇಳಿಕೊಂಡರು.

"ಹಾಗೇ ಅತ್ತೆ," ಅಂದಳು ಹೆಂಡತಿ. ಅವರಿಬ್ಬರೂ ಆ ವಾರ ಒಪ್ಪಿದ ಮೊದಲ ಮಾತು ಅದು.

ಕಣ್ಣು ಕರಗಿತು. ಗಂಡಿನ ಹಾಲಿನಂಥ ದ್ರವವನ್ನು ಸೇರಿಸಿದಳು. ಮೇಲಿನ ನೀರನ್ನು ಬಸಿದು ಹೊಸ ನೀರು ಹಾಕಿದಳು. ಅಂದು ಬಳಸಿದ ನೀರೆಲ್ಲ ಅಮ್ಮ ತುಂಬಿಸಿಟ್ಟಿದ್ದ ಜಾರಿನದೇ. ಮಧ್ಯಾಹ್ನದ ಹೊತ್ತಿಗೆ ಮೊಟ್ಟೆಗಳು ಎರಡಾಗಿ, ನಾಲ್ಕಾಗಿ ಒಡೆದಿದ್ದವು. ಸಂಜೆಗೆ ಅವುಗಳ ಮೈಮೇಲೆ ನವಿರು ಮೂಡಿ ಬುಗುರಿಯಂತೆ ತಿರುಗಬೇಕಿತ್ತು. ತಿರುಗಲಿಲ್ಲ. ಚಳಿ ಇರಬೇಕು ಎಂದುಕೊಂಡು ಅವಳು ಗಾಜಿನ ಬೋಗುಣಿಗಳನ್ನು, ಆಚೆ ಬದಿಯ ಬಚ್ಚಲೊಲೆಯಿಂದ ಬೆಚ್ಚಗಾಗುತ್ತಿದ್ದ ಕೋಣೆಯ ಗೋಡೆಗೆ ಒತ್ತಿ ಇಟ್ಟಳು. ಶನಿವಾರ ಬೆಳಿಗ್ಗೆ ಎಲ್ಲವೂ ತಳದಲ್ಲಿ ಬೂದಿಯ ಹಾಗೆ ಕೂತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೊಟ್ಟ, ಕುಗ್ಗಿದ ಮುದ್ದೆಗಳು. ಒಂದೂ ಅಲುಗುತ್ತಿರಲಿಲ್ಲ.

ಅವಳು ಅಳಲಿಲ್ಲ. ಬೋಗುಣಿ ಕೆಳಗಿಟ್ಟು, "ಅಮೋನಿಯಾ ಜಾಸ್ತಿ ಆಯ್ತೇನೋ," ಅಂದಳು. ಸ್ವಲ್ಪ ಹೊತ್ತಿಗೆ, "ಇಲ್ಲ, ಜಾಸ್ತಿ ಆಗಿದ್ರೆ ಒಡೀತಾನೇ ಇರ್ಲಿಲ್ಲ," ಅಂದಳು. ಟಬ್ಬಿನಲ್ಲಿ ಉಳಿದ ಸಿಂಪಿಗಳ ಪೈಕಿ ಹಲವು ಬಾಯಿ ಬಿಟ್ಟು ಸತ್ತಿದ್ದವು. ಬದುಕಿದ್ದವು ಬೆರಳೆಣಿಕೆಯಷ್ಟು. ಅವು ಭಾನುವಾರದವರೆಗೆ ಉಳಿಯುತ್ತವೆಂಬ ನಂಬಿಕೆ ಇರಲಿಲ್ಲ. ಇನ್ನೊಂದು ಸಲ ಮಾಡುವುದಾದರೆ ಅಂದೇ ಮಾಡಬೇಕು. ಎಲ್ಲಿ ತಪ್ಪಿತೆಂದು ತಿಳಿಯದೆ ಮಾಡಿದರೆ ಅದೇ ತಪ್ಪು ಮತ್ತೆ ಆಗುತ್ತದೆ.

ಸುದ್ದಿಯಲ್ಲಿ ತಪ್ಪು ನುಸುಳಿದಾಗ ನಾವು ಪತ್ರಿಕೆಯ ಆಫೀಸಿನಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ: ಅದು ಯಾರ ಯಾರ ಕೈ ದಾಟಿ ಬಂತು ಎಂದು ಹಿಂದಕ್ಕೆ ಹೋಗುವುದು. ಹಾಗೆಯೇ ಕೇಳಿದೆ. ಚಾಕು? ಹೊಸದು, ಕುದಿಸಿದ್ದು. ಬೋಗುಣಿಗಳು? ಅಂಗಡಿಯಿಂದ ನೇರ ಬಂದವು. ಅಮೋನಿಯಾ? ಮುಚ್ಚಳ ತೆಗೆಯದ ಸೀಸೆ. ನೀರು?

"ನೀರು ಅತ್ತೆ ಸೋಸಿ ಹಾಕಿದ್ದಾರೆ. ಆ ಬಟ್ಟೇಲಿ ಸೋಪು ಇತ್ತಾ?" ಎಂದು ಅವಳು ನನ್ನ ಮುಖ ನೋಡಿದಳು.

ಸೋಪು ಇರಲಾರದು. ಅಮ್ಮನ ಮಡಿ ಬಟ್ಟೆಗಳು ಸೀಗೆಪುಡಿಯನ್ನೂ ಕಂಡವಲ್ಲ. ಬರೀ ನೀರಿನಲ್ಲಿ ಹಿಂಡಿ ಒಣಗಿಸುವುದು. ಆದರೂ ಕೇಳಿ ಬರೋಣವೆಂದು ಹಿತ್ತಿಲಿಗೆ ಹೋದೆ.

ಶ್ರಾವಣ ಶನಿವಾರ. ಅಮ್ಮ ಉಪವಾಸವಿದ್ದು, ನಲ್ಲಿಯ ಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹುಣಸೆಹಣ್ಣು ಹಾಕಿ ದೇವರ ಮನೆಯ ತಾಮ್ರದ ಕೊಡವನ್ನು ತಿಕ್ಕುತ್ತಿದ್ದರು. ನಾನು ಬಂದದ್ದನ್ನು ನೋಡಿ ಗೊಣಗಿದರು: "ನಿನ್ನೆ ತಿಕ್ಕಿದೆ, ಇವತ್ತು ತಿಕ್ಕಿದೆ. ಈ ಕಿಲುಬು ಹೋಗ್ತಾನೇ ಇಲ್ಲ ಕಣೋ."

ಬಗ್ಗಿ ನೋಡಿದೆ. ಕೊಡದ ಒಳಗೆ, ಕತ್ತಿನ ಕೆಳಗೆ, ನೀರು ನಿಂತಿದ್ದ ಮಟ್ಟದಲ್ಲಿ ಸುತ್ತಲೂ ಹಸಿರು ಗೆರೆ.

"ಇದರಲ್ಲಿ ಏನಿಟ್ಟಿದ್ದೆ ಅಮ್ಮ?"

"ಇನ್ನೇನಿಡ್ತೀನಿ? ಸೇತುವಿನ ನೀರು. ತೀರ್ಥನ ತಾಮ್ರದಲ್ಲಲ್ದೆ ಬೇರೆ ಯಾವುದರಲ್ಲಿ..."

ಅವರ ಕೈ ನಿಂತಿತು. ಮಜ್ಜಿಗೆ, ಹುಳಿ, ಉಪ್ಪು ಸೋಕಿದ್ದು ಯಾವುದನ್ನೂ ಆ ಮನೆಯಲ್ಲಿ ತಾಮ್ರದಲ್ಲಿ ಇಡುತ್ತಿರಲಿಲ್ಲ. ಕಿಲುಬೇಳುತ್ತದೆ, ಹೊಟ್ಟೆಗೆ ವಿಷ ಎಂದು ನನಗೆ ಕಲಿಸಿದವರೇ ಅವರು. ಆದರೆ ಆ ನೀರು ಅವರ ಪಾಲಿಗೆ ಉಪ್ಪು ನೀರಾಗಿರಲಿಲ್ಲ.

"ಹುಳಗಳು ಸತ್ತದ್ದು ಇದಕ್ಕಾ?" ಎಂದು ಕೇಳಿದರು.

"ಗೊತ್ತಿಲ್ಲ. ಅವಳನ್ನ ಕೇಳ್ಬೇಕು."

ನಾನು ಹೊರಟವನು ನಿಂತೆ. ಹೇಳಿದರೆ ಏನಾಗಬಹುದೆಂದು ನನಗೆ ಕಾಣುತ್ತಿತ್ತು. ಈ ಪ್ರಯೋಗ ಕೆಟ್ಟರೆ ಸೊಸೆ ಮನೆಯಲ್ಲಿ ಉಳಿಯುತ್ತಾಳೆ. ಅದು ಅಮ್ಮನಿಗೆ ಬೇಕಾಗಿತ್ತು ಎಂಬುದು ಮೂವರಿಗೂ ಗೊತ್ತು. ಹೇಳದಿದ್ದರೆ ಎರಡನೆಯ ಸಲವೂ ಅದೇ ನೀರು.

ಅಮ್ಮ ಎದ್ದು ನಿಂತರು. "ನೀನು ಸುಮ್ನಿರು. ನೀನು ಹೇಳಿದ್ರೆ ಪೇಪರಿನ ವರದಿ ಓದಿದ ಹಾಗಿರತ್ತೆ. ನಾನೇ ಹೇಳ್ತೀನಿ."

ಕೊಡವನ್ನು ಸೊಂಟದ ಮೇಲಿಟ್ಟುಕೊಂಡೇ ಜಗುಲಿಗೆ ಬಂದರು. ಚಿಪ್ಪಿದ್ದ ಕೋಣೆಯ ಹೊಸಲಿನ ಬಳಿ ನಿಂತು ಕೊಡ ಓರೆ ಮಾಡಿ ತೋರಿಸಿದರು. "ನೀನು ಶುದ್ಧವಾದ ಪಾತ್ರೆ ಅಂದೆ. ನನ್ನ ಹತ್ರ ಇದಕ್ಕಿಂತ ಶುದ್ಧವಾದ್ದು ಇಲ್ಲ. ಇದರಲ್ಲಿ ಹಾಕಿಟ್ಟಿದ್ದೆ. ಒಳಗೆ ನೋಡು."

ಹೆಂಡತಿ ನೋಡಿದಳು. ಹಸಿರು ಗೆರೆಯ ಮೇಲೆ ಬೆರಳು ಎಳೆದು ಬೆರಳನ್ನು ಬೆಳಕಿಗೆ ಹಿಡಿದಳು. "ತಾಮ್ರ," ಅಂದಳು. "ಒಂದು ಕಣ ಸಾಕು, ಇವುಗಳ ಮರಿಗೆ." ಅವಳ ದನಿ ಸಣ್ಣದಾಗಿತ್ತು. ಆಮೇಲೆ ತಲೆ ಎತ್ತಿದಳು. "ನಾನು ಹೋಗೋದು ನಿಮಗೆ ಬೇಡವಾಗಿತ್ತು ಅತ್ತೆ."

ನಾನು ಹಿಂದೆ ನಿಂತಿದ್ದೆ.

"ಬೇಡವಾಗಿತ್ತು," ಅಂದರು ಅಮ್ಮ. "ಈಗಲೂ ಬೇಡ. ಅದಕ್ಕೆ ನನ್ನ ದೇವರ ಕೊಡ ಯಾಕೆ ಹಾಳು ಮಾಡ್ಕೊಳ್ಳಲಿ? ಬಚ್ಚಲಿಗೆ ಚೆಲ್ಲಿ, ಕೈ ಜಾರ್ತು ಅಂದಿದ್ರೆ ಆಗ್ತಿತ್ತು."

ತೆರೆದ ಬಾಗಿಲಿನಾಚೆ, ನಡುಮನೆಯ ಕೊನೆಯಲ್ಲಿ ದೇವರ ಮನೆ ಕಾಣುತ್ತಿತ್ತು. ದೀಪದ ಪಕ್ಕದಲ್ಲಿ ಒಂದು ಪುಟ್ಟ ಪಂಚಪಾತ್ರೆ. ಅದರ ಮೇಲೆ ತುಳಸಿ ಎಲೆ. ಅದರಲ್ಲಿದ್ದದ್ದೂ ಅದೇ ನೀರು. ಎರಡು ದಿನದಿಂದ ಅಮ್ಮ ಅದನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಿದ್ದರು. ಹೆಂಡತಿಯ ದೃಷ್ಟಿ ಅಲ್ಲಿಗೆ ಹೋಗಿ ನಿಂತದ್ದನ್ನು ನಾನು ನೋಡಿದೆ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬೇರೆಯೇ ದನಿಯಲ್ಲಿ ಕೇಳಿದಳು:

"ಆ ಇನ್ನೊಂದು ಜಾರು ಮುಟ್ಟಿಲ್ಲ ತಾನೇ?"

"ಅದು ನೀನು ಚಿಪ್ಪಿಗೆ ತೆಗೆದ ಎಂಜಲು ನೀರು. ನಾನ್ಯಾಕೆ ಮುಟ್ಲಿ?"

ಹೆಂಡತಿಗೆ ನಗು ಬಂತು. ತಡೆದುಕೊಂಡಳು. ಮೈಲಿಗೆಯೆಂದು ಅಮ್ಮ ದೂರವಿಟ್ಟದ್ದೇ ಉಳಿದುಕೊಂಡಿತ್ತು. ಅರ್ಧ ಜಾರು. ಒಂದು ಸಲಕ್ಕೆ ಸಾಕು, ಎರಡನೆಯದಕ್ಕೆ ಇಲ್ಲ.

ಅವಳು ಚಾಕು ಕೈಗೆತ್ತಿಕೊಂಡಾಗ ಅಮ್ಮ ಇನ್ನೂ ಅಲ್ಲೇ ನಿಂತಿದ್ದರು. "ಶ್ರಾವಣ ಶನಿವಾರ ಕಣೇ," ಅಂದರು.

"ಗೊತ್ತು ಅತ್ತೆ. ನಾಳೆಗೆ ಇವು ಇರಲ್ಲ."

ಅಮ್ಮ ಕೊಡ ಕೆಳಗಿಟ್ಟು, ಒಳಗೆ ಹೋಗಿ ಸೀರೆ ಬದಲಾಯಿಸಿ, ಹಣ್ಣುಕಾಯಿ ಬುಟ್ಟಿ ಹಿಡಿದು ಬಂದರು. "ನಾನು ಬನಶಂಕರಿಗೆ ಹೋಗಿ ಬರ್ತೀನಿ. ನಾನಿಲ್ಲದಾಗ ಮನೇಲಿ ಏನು ನಡೀತೋ ನನಗೆ ಗೊತ್ತಿಲ್ಲ." ಚಪ್ಪಡಿ ಬೇಲಿಯ ಪಕ್ಕದ ಕಾಲುದಾರಿ ಹಿಡಿದು ಹೊರಟೇಬಿಟ್ಟರು. ಅದು ಅವರು ಕೊಟ್ಟ ಅನುಮತಿ.

ಮೊದಲ ಚಿಪ್ಪು ಗಂಡು. ಎರಡನೆಯದೂ ಗಂಡು. ಮೂರನೆಯದು ಆಗಲೇ ಬರಿದಾಗಿತ್ತು, ಗಂಡೋ ಹೆಣ್ಣೋ ತಿಳಿಯಲಿಲ್ಲ. ನಾಲ್ಕನೆಯದನ್ನು ಬಿಡಿಸಿದಾಗ ಒಳಗೆ ಹೆಣ್ಣಿರಬಹುದೆನಿಸುವ ಹಳದಿ ಛಾಯೆ ಕಂಡು ಅವಳು ತಟ್ಟನೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಅದೂ ಗಂಡೇ. ಪ್ರತಿ ಸಲವೂ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ತಲೆ ಅಲ್ಲಾಡಿಸುತ್ತಿದ್ದಳು, ನಾನು ಮುಂದಿನ ಚಿಪ್ಪನ್ನು ಕೈಗೆ ಕೊಡುತ್ತಿದ್ದೆ. ಹೆಣ್ಣು ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಟಬ್ಬಿನಲ್ಲಿ ಕೈಯಾಡಿಸಿ ಬಿಗಿಯಾಗಿ ಮುಚ್ಚಿಕೊಂಡಿದ್ದ ಒಂದನ್ನು ಹುಡುಕಿ ತೆಗೆದೆ. ಅದಾದ ಮೇಲೆ ಉಳಿದಿದ್ದದ್ದು ಇನ್ನೊಂದೇ.

ಅವಳು ಸೂಕ್ಷ್ಮದರ್ಶಕಕ್ಕೆ ಬಗ್ಗಿದವಳು ಕಣ್ಣೆತ್ತಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದಳು. "ಅಮೋನಿಯಾ ಕೊಡಿ."

ಬಟ್ಟೆಯಿಲ್ಲ, ಕೊಡವಿಲ್ಲ. ಗಾಜಿನಿಂದ ಗಾಜಿಗೆ ನೀರು. ಮಧ್ಯಾಹ್ನ ಅಮ್ಮ ಪ್ರಸಾದದ ಬುಟ್ಟಿ ಹಿಡಿದು ಬಂದವರು ನೇರ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಚ್ಚಲೊಲೆಯಲ್ಲಿ ಸೌದೆ ಚಟಪಟ ಅನ್ನುವುದು ಕೇಳಿಸಿತು. ಉಪವಾಸದ ದಿನ ಎಣ್ಣೆಸ್ನಾನದ ಮಾತೇ ಇರಲಿಲ್ಲ. ಯಾರಿಗೂ ಬಿಸಿನೀರು ಬೇಕಿರಲಿಲ್ಲ. ಗೋಡೆ ಬೆಚ್ಚಗಿರಲೆಂದು ಹಾಕಿದ ಬೆಂಕಿ ಅದು. ಸಂಜೆಯವರೆಗೂ ಅವರು ಆಗಾಗ ಒಲೆಯ ಬಳಿ ಕೂತೇ ಕೂಗುತ್ತಿದ್ದರು:

"ಓಡಾಡ್ತಿದ್ಯಾ?"

"ಇನ್ನೂ ಇಲ್ಲ ಅತ್ತೆ."

ದೀಪ ಹಚ್ಚುವ ಹೊತ್ತಿಗೆ ಆ ಕಡೆಯಿಂದ ಪ್ರಶ್ನೆ ಬರುವ ಮೊದಲೇ ಹೆಂಡತಿ ಕೂಗಿದಳು: "ತಿರುಗ್ತಿವೆ ಅತ್ತೆ!"

ಒಲೆಯ ಕಡೆಯಿಂದ ಊದುಗೊಳವೆಯ ಸದ್ದು ಬಂತು.

ಆದರೂ ಭಾನುವಾರ ನೆಮ್ಮದಿಯ ದಿನವಾಗಿರಲಿಲ್ಲ. ಬೆಳಿಗ್ಗೆ ನೋಡಿದಾಗ ಅರ್ಧಕ್ಕಿಂತ ಹೆಚ್ಚು ತಳ ಸೇರಿದ್ದವು. ಉಳಿದವು ನೀರಿನ ಮೇಲ್ಭಾಗದಲ್ಲಿ ಬೆಳಕಿನ ಕಡೆಗೆ ಗುಂಪುಗೂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಕಮ್ಮಿಯಾದವು. ಬದಲಾಯಿಸಲು ಹೊಸ ನೀರಿರಲಿಲ್ಲ. ಪ್ರೊಫೆಸರ್ ಮೂರಕ್ಕೆ ಬರುತ್ತೇನೆಂದಿದ್ದವರು ಮಳೆಗೆ ಸಿಕ್ಕಿಕೊಂಡು ನಾಲ್ಕೂವರೆ ದಾಟಿದ ಮೇಲೆ ಬಂದರು. ಅಷ್ಟು ಹೊತ್ತೂ ಹೆಂಡತಿ ಆ ಬೋಗುಣಿಯ ಪಕ್ಕ ಬಿಟ್ಟು ಏಳಲಿಲ್ಲ.

ಪ್ರೊಫೆಸರ್ ಕೊಡೆ ಮಡಚಿ, ಕನ್ನಡಕ ಒರೆಸಿಕೊಂಡು, ಒಂದು ಹನಿ ನೀರನ್ನು ತಾವೇ ಗಾಜಿನ ಮೇಲೆ ಹಾಕಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಈಜ್ತಿವೆ," ಅಂದರು. "ಇದೊಂದಕ್ಕೆ ಚಿಪ್ಪು ಮೂಡ್ತಾ ಇದೆ. ಇದು ಎಷ್ಟನೇ ಸಲದ್ದು?"

"ಎರಡನೇದು ಸಾರ್."

"ಮೊದಲನೇದು ಯಾಕೆ ಹೋಯ್ತು?"

ನಡುಮನೆಯಲ್ಲಿ ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. ನಿಂತಲ್ಲೇ ನಿಂತರು.

"ನೀರನ್ನ ತಾಮ್ರದ ಕೊಡದಲ್ಲಿ ಇಟ್ಟಿದ್ವಿ ಸಾರ್," ಅಂದಳು ಹೆಂಡತಿ.

ಇಟ್ಟಿದ್ವಿ ಅಂದಳು. ಇಟ್ಟಿದ್ರು ಅನ್ನಲಿಲ್ಲ. ಒಂದು ಅಕ್ಷರದ ವ್ಯತ್ಯಾಸ. ದಿನವಿಡೀ ಅಕ್ಷರ ತಿದ್ದುವ ಕೆಲಸದವನಾದ ನನಗೆ ಅದು ತಪ್ಪಿಸಿಕೊಳ್ಳುವಂತಿರಲಿಲ್ಲ. ಅಮ್ಮನಿಗೂ ತಪ್ಪಲಿಲ್ಲ ಎಂಬುದು ಅವರು ಲೋಟ ಹಿಡಿದು ಬಾಗಿಲವರೆಗೆ ಬಂದದ್ದರಿಂದ ತಿಳಿಯಿತು.

"ಒಳ್ಳೇದಾಯ್ತು," ಅಂದರು ಪ್ರೊಫೆಸರ್. "ಅಲ್ಲಿ ಹೋದಮೇಲೆ ನಲ್ಲಿ, ಕೊಳಾಯಿ ಎಲ್ಲ ಯಾವ ಲೋಹದ್ದು ಅಂತ ನೋಡ್ಕೊಂಡು ಕೆಲಸ ಮಾಡ್ತೀರಿ. ಬರೀತೀನಿ. ನಾಳೆ ಬೆಳಿಗ್ಗೆನೇ ಹೋಗತ್ತೆ."

ಅಮ್ಮ ಕಾಫಿಯನ್ನು ನನ್ನ ಕೈಗೆ ಕೊಟ್ಟರು, ಅವರ ಮುಂದಿಡಲು. ಕೊಡುತ್ತಾ ಮೆಲ್ಲಗೆ, ಆದರೆ ಜಗುಲಿಗೆ ಕೇಳುವಷ್ಟು ಗಟ್ಟಿಯಾಗಿ ಅಂದರು: "ಆ ಊರಲ್ಲಿ ಮಡೀಲಿ ಅಡುಗೆ ಮಾಡ್ಕೊಳ್ಳೋಕೆ ಬಾವಿ ಗೀವಿ ಇದ್ಯಾ, ಕೇಳು."

ಪ್ರೊಫೆಸರ್ ನಕ್ಕರು. ಹೆಂಡತಿ ತಿರುಗಿ ಅಮ್ಮನನ್ನು ನೋಡಿದಳು. ಒಂದು ವರ್ಷ ನನಗೆ ಹೋಟೆಲ್ ಊಟವೇ ಗತಿ ಎಂದು ನನಗೆ ಗೊತ್ತಾದದ್ದು ಆಗ.

ಅತ್ತೆ ಸೊಸೆ ಇಬ್ಬರೂ ಹೊರಡುವ ದಿನ ಅಮ್ಮ ಪ್ರಯಾಣದ ಗಂಟು ಕಟ್ಟುತ್ತಿದ್ದರು. ಎಲ್ಲಿಗೆ ಹೋದರೂ ಜೊತೆಗೊಯ್ಯುತ್ತಿದ್ದ ತಾಮ್ರದ ಚೊಂಬನ್ನು ಎತ್ತಿ ನೋಡಿ ಗೂಡಿನಲ್ಲಿಟ್ಟರು. ಹಿತ್ತಾಳೆಯ ಕೂಜವನ್ನು ಕೈಗೆತ್ತಿಕೊಂಡು ಸೊಸೆಯನ್ನು ಕರೆದರು.

"ಹಿತ್ತಾಳೇಲೂ ತಾಮ್ರ ಇರತ್ತೇನೇ?"

"ಇರತ್ತೆ ಅತ್ತೆ. ಆದ್ರೆ ನೀವು ಕುಡಿಯೋ ನೀರಿಗೆ ಏನೂ ಆಗಲ್ಲ. ತಗೊಳ್ಳಿ."

"ಬೇಡ. ಎಲ್ಲಿ ಯಾವುದಕ್ಕೆ ತಗುಲತ್ತೋ," ಎಂದು ಕೂಜವನ್ನೂ ಗೂಡಿಗೆ ಸೇರಿಸಿದರು. ನನ್ನನ್ನು ಕಳಿಸಿ ಒಂದು ಮಣ್ಣಿನ ಹೂಜಿ ತರಿಸಿ, ಅದನ್ನು ಮೂರು ಸಲ ತೊಳೆದು, ನೀರು ತುಂಬಿ, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಕೈಯಲ್ಲಿ ಹಿಡಿದು ಜಟಕಾ ಹತ್ತಿದರು.